ಪೀಟ್‌ನಿಂದ ಗಟ್ಟಿ ಇಂಧನ: ಮೊದಲ ಜಗಳ ನೀರಿನ ಜೊತೆ

ಜೌಗು ನೆಲದಿಂದ 100 ಕಿಲೋ ಹಸಿ ಪೀಟ್, ಅಂದರೆ ಅರ್ಧ ಕೊಳೆತ ಗಿಡ-ಪಾಚಿಯ ಪದರ, ಅಗೆದು ತೆಗೆದಿರಿ ಎಂದುಕೊಳ್ಳಿ. ಅದರಲ್ಲಿ ಸುಮಾರು 90 ಕಿಲೋ ಬರೀ ನೀರು. ಉರಿಯುವ ವಸ್ತು ಉಳಿದ 10 ಕಿಲೋ ಮಾತ್ರ. ಆ 10 ಕಿಲೋ ಪೂರ್ತಿ ಒಣಗಿದ ಮೇಲೆ ಸುಟ್ಟರೆ 210 ಮೆಗಾಜೂಲ್ ಆಸುಪಾಸು ಶಾಖ ಸಿಗುತ್ತದೆ. ಈಗ ಆ 90 ಕಿಲೋ ನೀರನ್ನು ಕಾಯಿಸಿ ಆವಿ ಮಾಡಿ ಓಡಿಸುವ ಲೆಕ್ಕ ಹಾಕಿ. ಕಿಲೋಗೆ ಸುಮಾರು 2.5 ಮೆಗಾಜೂಲ್ ಬೇಕು. ಒಟ್ಟು 225. ಅಂದರೆ ಇಂಧನದಿಂದ ಬರುವ ಶಾಖಕ್ಕಿಂತ ಅದನ್ನು ಒಣಗಿಸಲು ಹೋಗುವ ಶಾಖವೇ ಜಾಸ್ತಿ!

ಪೀಟ್‌ನಿಂದ ಒಳ್ಳೆಯ ಇಂಧನ ಮಾಡಲು ಎಂಜಿನಿಯರ್‌ಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಹಾಕಿದ ಲಾಗವನ್ನೆಲ್ಲ ಅರ್ಥ ಮಾಡಿಕೊಳ್ಳಲು ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಸಾಕು. ಅರ್ಧ ತಲೆನೋವು ನೀರಿನದು. ಇನ್ನರ್ಧ ಪೀಟ್‌ನ ಒಳಗೇ ಸೇರಿಕೊಂಡ ಆಮ್ಲಜನಕದ್ದು. ಬಿಸಿ ಕೊಟ್ಟು ಈ ಎರಡನ್ನೂ ಹೊರಗೆ ಹಾಕುವುದೇ ಉಷ್ಣ ಸಂಸ್ಕರಣೆಯ ಕೆಲಸ.

ಮೊದಲು ಪೀಟ್ ಅಂದರೆ ಏನು ಅಂತ ನೋಡೋಣ. ನೀರು ನಿಂತ ಜಾಗದಲ್ಲಿ ಗಿಡ, ಹುಲ್ಲು, ಪಾಚಿ ಸತ್ತು ಬಿದ್ದರೆ ಅಲ್ಲಿ ಗಾಳಿ ಆಡುವುದಿಲ್ಲ. ಗಾಳಿಯಿಲ್ಲದೆ ಕೊಳೆಸುವ ಜೀವಿಗಳು ಕೆಲಸ ಅರ್ಧಕ್ಕೇ ನಿಲ್ಲಿಸುತ್ತವೆ. ಅರ್ಧ ಕೊಳೆತದ್ದು ಒಂದರ ಮೇಲೊಂದು ಪದರವಾಗಿ ಕೂರುತ್ತಾ ಹೋಗುತ್ತದೆ. ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಒಂದು ಮೀಟರ್ ದಪ್ಪ ಆಗಲು ಸಾವಿರ ವರ್ಷ. ಉತ್ತರದ ತಂಪು ದೇಶಗಳಲ್ಲಿ, ಅಂದರೆ ಐರ್ಲೆಂಡ್, ಫಿನ್ಲೆಂಡ್, ಸ್ವೀಡನ್, ರಷ್ಯಾ, ಬೆಲಾರೂಸ್ ಕಡೆ, ಇದರಲ್ಲಿ ದೊಡ್ಡ ಪಾಲು ಸ್ಫ್ಯಾಗ್ನಂ ಎಂಬ ಪಾಚಿಯದು. ಇದೇ ಪದರ ಮಣ್ಣಿನಡಿ ಹೂತುಹೋಗಿ, ಕೋಟಿಗಟ್ಟಲೆ ವರ್ಷ ಬಿಸಿ ಮತ್ತು ಒತ್ತಡದಲ್ಲಿ ಬೆಂದರೆ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ಆಗುತ್ತದೆ, ಆಮೇಲೆ ಕಪ್ಪು ಕಲ್ಲಿದ್ದಲು. ಹಾಗಾಗಿ ಪೀಟ್ ಅಂದರೆ ಕಲ್ಲಿದ್ದಲಿನ ದಾರಿಯಲ್ಲಿ ಮೊದಲ ನಿಲ್ದಾಣ.

ಎಲ್ಲ ಪೀಟ್ ಒಂದೇ ಥರ ಇರುವುದಿಲ್ಲ. ಎಷ್ಟು ಕೊಳೆತಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಇದನ್ನು ತಿಳಿಯಲು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಅವರ ಹೆಸರಿನ ಒಂದು ಪರೀಕ್ಷೆ ಇವತ್ತಿಗೂ ಚಾಲ್ತಿಯಲ್ಲಿದೆ. ಉಪಕರಣ ಏನೂ ಬೇಡ, ಕೈ ಸಾಕು. ಒಂದು ಹಿಡಿ ಹಸಿ ಪೀಟ್ ತೆಗೆದುಕೊಂಡು ಮುಷ್ಟಿ ಬಿಗಿಯಾಗಿ ಹಿಂಡುವುದು. ಬೆರಳ ಸಂದಿಯಿಂದ ತಿಳಿ ನೀರು ಬಂದರೆ ಅದು ಎಚ್ 1, ಅಂದರೆ ಹತ್ತು ದರ್ಜೆಗಳಲ್ಲಿ ಮೊದಲನೆಯದು. ಪಾಚಿ ಇನ್ನೂ ಪಾಚಿಯಾಗೇ ಇದೆ ಅಂತ ಅರ್ಥ. ಕಂದು, ಕದಡಿದ ನೀರು ಬಂದರೆ ನಡುವಿನ ದರ್ಜೆ. ನೀರೇ ಬರದೆ ಪೀಟ್ ಪೂರ್ತಿ ಗಂಜಿಯ ಹಾಗೆ ಬೆರಳ ಸಂದಿಯಿಂದ ಜಾರಿ ಹೋಗಿ ಮುಷ್ಟಿಯಲ್ಲಿ ಏನೂ ಉಳಿಯದಿದ್ದರೆ ಎಚ್ 10. ಇಂಧನಕ್ಕೆ ಬೇಕಾದದ್ದು ಚೆನ್ನಾಗಿ ಕೊಳೆತ, ಕಪ್ಪು ಬಣ್ಣದ ಪೀಟ್. ಅದರಲ್ಲಿ ಇಂಗಾಲ ಜಾಸ್ತಿ, ಒಣಗಿದಾಗ ಗಟ್ಟಿಯಾಗುತ್ತದೆ. ತೋಟಗಾರಿಕೆಯವರಿಗೆ ಬೇಕಾದದ್ದು ಮೇಲಿನ ಪದರದ ತಿಳಿ ಬಣ್ಣದ ಪೀಟ್.

ವಿಚಿತ್ರ ಏನೆಂದರೆ, ಇಂಧನಕ್ಕೆ ಒಳ್ಳೆಯದು ಅನ್ನುವ ಈ ಕಪ್ಪು ಪೀಟೇ ನೀರು ಬಿಟ್ಟುಕೊಡುವುದರಲ್ಲಿ ಮಹಾ ಜಿಪುಣ. ಸ್ಫ್ಯಾಗ್ನಂ ಪಾಚಿಯಲ್ಲಿ ಸತ್ತ, ಟೊಳ್ಳಾದ ಕೋಶಗಳಿರುತ್ತವೆ, ಅವುಗಳ ಗೋಡೆಯಲ್ಲಿ ಸಣ್ಣ ತೂತುಗಳು. ಅಲ್ಲಿ ತುಂಬಿಕೊಂಡ ನೀರು ಹಿಂಡಿದರೆ ಬರುತ್ತದೆ. ಕೊಳೆತ ಮೇಲೆ ಕೋಶಗಳು ಒಡೆದು ಹ್ಯೂಮಿಕ್ ಪದಾರ್ಥಗಳಾಗುತ್ತವೆ. ಇವು ತೀರಾ ನುಣ್ಣಗಿನ ಕಣಗಳು, ನೀರಿನಲ್ಲಿ ಉಬ್ಬಿ ಲೋಳೆಯಾಗಿ ಕೂರುತ್ತವೆ. ಈ ಕಣಗಳ ಮೈತುಂಬ ಆಮ್ಲಜನಕ ಸೇರಿದ ಗುಂಪುಗಳಿವೆ: ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್. ಇವಕ್ಕೂ ನೀರಿಗೂ ಬಿಡಿಸಲಾಗದ ಸ್ನೇಹ. ಎಷ್ಟೇ ದೊಡ್ಡ ಪ್ರೆಸ್ ಹಾಕಿ ಒತ್ತಿದರೂ ತೇವಾಂಶ ಶೇ 70–80ಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ಇನ್ನೂ ಒತ್ತಿದರೆ ನೀರಿನ ಬದಲು ಪೀಟೇ ಜರಡಿಯಿಂದ ಹೊರಗೆ ಬರುತ್ತದೆ.

ಇಲ್ಲಿ ಶೇಕಡಾ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ, ಹುಷಾರು. ತೇವಾಂಶ ಶೇ 95ರಿಂದ 90ಕ್ಕೆ ಇಳಿಯಿತು ಅಂದರೆ ಏನು ಮಹಾ ಅನಿಸುತ್ತದೆ, ಅಲ್ವಾ? ಆದರೆ 10 ಕಿಲೋ ಒಣ ಪೀಟ್ ಜೊತೆ ಮೊದಲು 190 ಕಿಲೋ ನೀರಿತ್ತು, ಈಗ 90 ಕಿಲೋ. ಅರ್ಧಕ್ಕಿಂತ ಜಾಸ್ತಿ ಹೋಗಿಯೇ ಬಿಟ್ಟಿದೆ. ಶೇ 80ಕ್ಕೆ ಬಂದರೆ 40 ಕಿಲೋ ಉಳಿಯುತ್ತದೆ. ಶೇ 50ಕ್ಕೆ ಬಂದರೆ ಬರೀ 10 ಕಿಲೋ. ಅಲ್ಲಿಂದ ಮುಂದೆ ಬೆಂಕಿಯಿಂದ ಒಣಗಿಸಿದರೂ ನಷ್ಟವಿಲ್ಲ. 25 ಮೆಗಾಜೂಲ್ ಖರ್ಚು ಮಾಡಿದರೆ 210 ಮೆಗಾಜೂಲ್ ಕೈಗೆ ಬರುತ್ತದೆ. ಹಾಗಾಗಿ ನಿಜವಾದ ಸವಾಲು ಶೇ 90ರಿಂದ 50ರವರೆಗಿನ ದಾರಿ. ಅದನ್ನು ಬೆಂಕಿಯಿಲ್ಲದೆ ದಾಟಬೇಕು.

ಇದಕ್ಕೆ ಸಿಕ್ಕ ಅತಿ ಸುಲಭದ ಉತ್ತರ ಬಿಸಿಲು. ಮೊದಲು ಕಾಲುವೆ ತೋಡಿ ಜೌಗಿನ ನೀರು ಬಸಿಯುತ್ತಾರೆ. ಆಮೇಲೆ ಯಂತ್ರದಿಂದ ಮೇಲ್ಮೈಯ ಒಂದೆರಡು ಸೆಂಟಿಮೀಟರ್ ಪದರವನ್ನು ಪುಡಿಯಾಗಿ ಕೆರೆದು ಅಲ್ಲೇ ಹರಡಿ ಬಿಡುತ್ತಾರೆ. ಆಗಾಗ ಮಗುಚುತ್ತಾರೆ. ಮಳೆ ಬರದಿದ್ದರೆ ಎರಡು ಮೂರು ದಿನದಲ್ಲಿ ತೇವ ಶೇ 40–50ಕ್ಕೆ ಬರುತ್ತದೆ. ಗುಡ್ಡೆ ಹಾಕಿ, ಮತ್ತೆ ಮುಂದಿನ ಪದರ ಕೆರೆಯುವುದು. ಬಿಸಿಲಿಗೆ ಬಿಲ್ ಬರುವುದಿಲ್ಲ ನೋಡಿ. ಆದರೆ ಈ ದೇಶಗಳಲ್ಲಿ ಬಿಸಿಲೇ ಅಪರೂಪ. ವರ್ಷದಲ್ಲಿ ಕೆಲವೇ ತಿಂಗಳು ಕೆಲಸ. ಒಂದು ಬೇಸಿಗೆ ಮಳೆ ಹಿಡಿದರೆ ಆ ವರ್ಷದ ಉತ್ಪಾದನೆ ಮುಗಿಯಿತು. ಹೀಗೆ ಸಿಕ್ಕ ಪುಡಿ ಕಿಲೋಗೆ 8ರಿಂದ 10 ಮೆಗಾಜೂಲ್ ಕೊಡುತ್ತದೆ. ಕಾರ್ಖಾನೆಯಲ್ಲಿ ಇನ್ನೂ ಒಣಗಿಸಿ, ತೇವ ಶೇ 10ರ ಹತ್ತಿರಕ್ಕೆ ತಂದು, ಒತ್ತಿ ಇಟ್ಟಿಗೆ ಮಾಡಿದರೆ 17–18 ಮೆಗಾಜೂಲ್. ಇದೇ ಪೀಟ್ ಬ್ರಿಕೆಟ್. ಐರ್ಲೆಂಡಿನ ಮನೆಗಳ ಒಲೆಗಳಲ್ಲಿ ದಶಕಗಟ್ಟಲೆ ಉರಿದದ್ದು ಇದೇ.

ಬ್ರಿಕೆಟ್ ಮಾಡುವುದು ಬರೀ ಒಣಗಿಸಿ ಒತ್ತುವ ಕೆಲಸ. ಒಳಗಿನ ರಾಸಾಯನಿಕ ಸ್ವರೂಪ ಹಾಗೇ ಇರುತ್ತದೆ. ಆದ್ದರಿಂದ ಮಳೆಗೆ ಸಿಕ್ಕಿದರೆ ಮತ್ತೆ ನೀರು ಕುಡಿದು ಉಬ್ಬಿ ಪುಡಿಯಾಗುತ್ತದೆ. ಉರಿಯುವಾಗ ಹೊಗೆ ಬರುತ್ತದೆ. ಕಲ್ಲಿದ್ದಲಿಗೆ ಹೋಲಿಸಿದರೆ ಶಾಖವೂ ಕಡಿಮೆ. ಇದನ್ನು ಸುಧಾರಿಸಬೇಕೆಂದರೆ ಪೀಟ್‌ನ ಒಳಗನ್ನೇ ಬದಲಾಯಿಸಬೇಕು. ಉಷ್ಣ ಸಂಸ್ಕರಣೆ ಶುರುವಾಗುವುದು ಇಲ್ಲಿಂದ.

ಒಂದು ಗಾಜಿನ ನಳಿಗೆಯಲ್ಲಿ ಸ್ವಲ್ಪ ಒಣ ಪೀಟ್ ಹಾಕಿ, ಗಾಳಿ ಒಳಗೆ ಹೋಗದ ಹಾಗೆ ಮಾಡಿ, ನಿಧಾನಕ್ಕೆ ಬಿಸಿ ಏರಿಸುತ್ತಾ ಹೋದರೆ ಏನೇನಾಗುತ್ತದೆ ಅಂತ ನೋಡಿ. 100–110 ಡಿಗ್ರಿ ಹತ್ತಿರ ಉಳಿದ ತೇವ ಹೊರಟು ನಳಿಗೆಯ ತಣ್ಣನೆಯ ತುದಿಯಲ್ಲಿ ಹನಿಗಟ್ಟುತ್ತದೆ. 150 ದಾಟಿ 200ರ ಕಡೆ ಹೋಗುವಾಗ ಹುಳಿ ವಾಸನೆ ಬರತೊಡಗುತ್ತದೆ. ಅದು ಅಸಿಟಿಕ್ ಆಮ್ಲ. ಕಾರ್ಬಾಕ್ಸಿಲ್ ಗುಂಪುಗಳು ಮುರಿದು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತವೆ. ನೀರು ಹಿಡಿದುಕೊಳ್ಳುತ್ತಿದ್ದ ಕೈಗಳೇ ಹೋದ ಹಾಗಾಯಿತು. 250 ಆಸುಪಾಸಿನಲ್ಲಿ ಬಣ್ಣ ಕಂದಿನಿಂದ ಕಡು ಕಂದಿಗೆ ತಿರುಗುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಪೆಡಸಾಗುತ್ತದೆ. 300 ದಾಟಿದರೆ ಹಳದಿ ಹೊಗೆ ದಟ್ಟವಾಗಿ ಬಂದು ನಳಿಗೆಯ ಗೋಡೆಗೆ ಕಂದು ಟಾರ್ ಅಂಟುತ್ತದೆ. 500–600ಕ್ಕೆ ಬರುವ ಹೊತ್ತಿಗೆ ಟಾರ್ ಬರುವುದು ನಿಂತು, ಒಳಗೆ ಕಪ್ಪು, ಹಗುರ, ತೂತು ತೂತಾದ ಇದ್ದಿಲು ಉಳಿದಿರುತ್ತದೆ.

ಈ ದಾರಿಯಲ್ಲಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ ನಿಮಗೆ ಸಿಗುವ ಇಂಧನ ಯಾವುದು ಅಂತ ತೀರ್ಮಾನವಾಗುತ್ತದೆ.

200ರಿಂದ 300 ಡಿಗ್ರಿ ನಡುವೆ ನಿಲ್ಲಿಸಿದರೆ ಅದಕ್ಕೆ ಟಾರಿಫ್ಯಾಕ್ಷನ್ ಅನ್ನುತ್ತಾರೆ. ಸರಳವಾಗಿ ಹೇಳಿದರೆ ಗಾಳಿಯಿಲ್ಲದೆ ಹುರಿಯುವುದು. ಇದರ ಜಾಣತನ ಇರುವುದು ಒಂದು ವ್ಯತ್ಯಾಸದಲ್ಲಿ. ಮೊದಲು ಹೊರಗೆ ಹೋಗುವ ಅನಿಲದಲ್ಲಿ ಹೆಚ್ಚಿನದು ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್. ಇವೆರಡೂ ಉರಿಯುವ ವಸ್ತುಗಳಲ್ಲ. ತೂಕ ಹೋಗುತ್ತದೆ, ಶಾಖ ಅಷ್ಟಾಗಿ ಹೋಗುವುದಿಲ್ಲ. 100 ಕಿಲೋ ಒಣ ಪೀಟ್‌ನಲ್ಲಿ 2100 ಮೆಗಾಜೂಲ್ ಇದೆ ಎಂದುಕೊಳ್ಳಿ. ಹುರಿದ ಮೇಲೆ 75 ಕಿಲೋ ಉಳಿದು, ಅದರ ಶಾಖಮೌಲ್ಯ ಕಿಲೋಗೆ 24.5 ಮೆಗಾಜೂಲ್ ಆದರೆ ಒಟ್ಟು 1840ರಷ್ಟು ಉಳಿಯಿತು. ಕಾಲು ಭಾಗ ತೂಕ ಕಳೆದುಕೊಂಡರೂ ಶಾಖದಲ್ಲಿ ಕಳೆದುಕೊಂಡದ್ದು ಎಂಟನೇ ಒಂದು ಭಾಗ. ಹೊರಬಂದ ಅನಿಲದಲ್ಲಿ ಅಲ್ಪ ಸ್ವಲ್ಪ ಉರಿಯುವ ಅಂಶವೂ ಇರುತ್ತದೆ. ಅದನ್ನು ಅಲ್ಲೇ ಸುಟ್ಟು ಹಸಿ ಪೀಟ್ ಒಣಗಿಸಲು ಬಳಸಿಕೊಳ್ಳಬಹುದು.

ಲಾಭ ಶಾಖದಲ್ಲಿ ಮಾತ್ರ ಅಂದುಕೊಳ್ಳಬೇಡಿ. ಹುರಿದ ಪೀಟ್‌ಗೆ ನೀರಿನ ಮೇಲಿನ ಆಸೆ ಬಹಳ ಕಡಿಮೆಯಾಗಿರುತ್ತದೆ. ನಾರು ಪೆಡಸಾಗಿರುವುದರಿಂದ ಕಲ್ಲಿದ್ದಲಿನ ಗಿರಣಿಯಲ್ಲೇ ಸಲೀಸಾಗಿ ಪುಡಿಯಾಗುತ್ತದೆ. ಒಂದು ಬಾಯ್ಲರ್‌ಗೆ ಕಲ್ಲಿದ್ದಲಿನ ಬದಲು ಬೇರೆ ಇಂಧನ ಹಾಕಬೇಕೆಂದರೆ ಈ ಪುಡಿಯಾಗುವ ಗುಣಕ್ಕೇ ಜಾಸ್ತಿ ಬೆಲೆ.

ಡಚ್ ರಸಾಯನ ವಿಜ್ಞಾನಿ ಫಾನ್ ಕ್ರೆವೆಲೆನ್ 1950ರ ಸುಮಾರಿಗೆ ಇದನ್ನೆಲ್ಲ ಒಂದೇ ನಕ್ಷೆಯಲ್ಲಿ ತೋರಿಸಿದರು. ಒಂದು ಅಕ್ಷದಲ್ಲಿ ಇಂಗಾಲಕ್ಕೆ ಹೋಲಿಸಿದ ಆಮ್ಲಜನಕ, ಇನ್ನೊಂದರಲ್ಲಿ ಇಂಗಾಲಕ್ಕೆ ಹೋಲಿಸಿದ ಜಲಜನಕ. ಮೇಲೆ ಬಲಕ್ಕೆ ಮರ, ಅದರ ಕೆಳಗೆ ಪೀಟ್, ಆಮೇಲೆ ಲಿಗ್ನೈಟ್, ಕಲ್ಲಿದ್ದಲು, ಕೊನೆಗೆ ಕೆಳಗೆ ಎಡಮೂಲೆಯಲ್ಲಿ ಆಂಥ್ರಸೈಟ್ ಎಂಬ ಅತಿ ಗಟ್ಟಿ ಕಲ್ಲಿದ್ದಲು. ಒಣ ಪೀಟ್‌ನಲ್ಲಿ ಇಂಗಾಲ ಶೇ 50–60, ಆಮ್ಲಜನಕ ಶೇ 30–40. ಹುರಿಯುತ್ತಾ ಹೋದಂತೆ ಪೀಟ್‌ನ ಚುಕ್ಕೆ ಲಿಗ್ನೈಟ್ ಕಡೆಗೆ ಜಾರುತ್ತದೆ. ಭೂಮಿ ಕೋಟಿಗಟ್ಟಲೆ ವರ್ಷ ತೆಗೆದುಕೊಂಡ ದಾರಿಯ ಒಂದು ತುಂಡನ್ನು ಯಂತ್ರ ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ಮುಗಿಸುತ್ತದೆ.

300ರಲ್ಲಿ ನಿಲ್ಲದೆ 500–600 ಡಿಗ್ರಿವರೆಗೂ ಹೋದರೆ ಪೀಟ್ ಕೋಕ್, ಅಂದರೆ ನಳಿಗೆಯಲ್ಲಿ ಕೊನೆಗೆ ಉಳಿದ ಆ ಇದ್ದಿಲು, ಸಿಗುತ್ತದೆ. 100 ಕಿಲೋ ಒಣ ಪೀಟ್‌ಗೆ ಸುಮಾರು 30–40 ಕಿಲೋ. ಕಿಲೋಗೆ 30 ಮೆಗಾಜೂಲ್ ಆಸುಪಾಸು, ಹೊಗೆಯಿಲ್ಲದ ಉರಿ. ಆದರೆ ಲೆಕ್ಕ ನೋಡಿ. 35 ಕಿಲೋಗೆ 1050 ಮೆಗಾಜೂಲ್ ಆಯಿತು. ಮೂಲ ಶಾಖದ ಅರ್ಧ ಅನಿಲ ಮತ್ತು ಟಾರ್ ರೂಪದಲ್ಲಿ ಹೊರಟುಹೋಗಿದೆ. ಅದನ್ನು ಹಿಡಿದು ಬಳಸದೆ ಇದ್ದರೆ ಈ ಕೆಲಸಕ್ಕೆ ಅರ್ಥವಿಲ್ಲ. ಅದಕ್ಕೇ ಕೋಕ್ ಮಾಡುವ ಎತ್ತರದ ಕುಲುಮೆಗಳಲ್ಲಿ ಮೇಲಿನಿಂದ ಪೀಟ್ ಸುರಿದು, ಕೆಳಗಿನಿಂದ ಕೋಕ್ ತೆಗೆದು, ನಡುವೆ ಬಂದ ಅನಿಲವನ್ನೇ ಸುಟ್ಟು ಕುಲುಮೆ ಕಾಯಿಸುತ್ತಾರೆ.

ಕೋಕ್ ವಿಷಯದಲ್ಲಿ ಇನ್ನೊಂದು ಕೊಕ್ಕೆ ಬೂದಿ. ಸುಡುವ ಭಾಗ ಹೊರಗೆ ಹೋದರೂ ಖನಿಜ ಎಲ್ಲಿಗೂ ಹೋಗುವುದಿಲ್ಲ. ಒಣ ಪೀಟ್‌ನಲ್ಲಿ ಶೇ 5 ಬೂದಿ ಇದ್ದರೆ ಕೋಕ್‌ನಲ್ಲಿ ಅದು ಶೇ 14 ದಾಟುತ್ತದೆ. ಶೇ 2 ಇದ್ದದ್ದು ಶೇ 6ರ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಮಳೆನೀರನ್ನೇ ನಂಬಿ ಬೆಳೆದ, ಖನಿಜ ಕಡಿಮೆ ಇರುವ, ಸುತ್ತಲಿನ ನೆಲಕ್ಕಿಂತ ಉಬ್ಬಿ ನಿಂತ ಜೌಗಿನ ಪೀಟೇ ಇದಕ್ಕೆ ಬೇಕು. ಅಂತಹ ಪೀಟ್‌ನಲ್ಲಿ ಗಂಧಕ, ರಂಜಕ ಎರಡೂ ಕಡಿಮೆ. ಲೋಹ ಕೆಲಸದವರಿಗೆ ಇದು ಇಷ್ಟವಾಗಲು ಕಾರಣ ಅದೇ.

ಇಷ್ಟು ಹೊತ್ತು ಹೇಳಿದ್ದೆಲ್ಲ ಒಣಗಿಸಿ ಆಮೇಲೆ ಕಾಯಿಸುವ ದಾರಿ. ನನಗೆ ಇದಕ್ಕಿಂತ ಸ್ವಾರಸ್ಯ ಅನಿಸುವುದು ಒಣಗಿಸದೇ ಕಾಯಿಸುವ ದಾರಿ.

ಸ್ವೀಡನ್ನಿನ ಮಾರ್ಟಿನ್ ಎಕೆನ್‌ಬರ್ಗ್ ಎಂಬ ರಸಾಯನ ತಜ್ಞ 20ನೇ ಶತಮಾನದ ಮೊದಲ ದಶಕದಲ್ಲಿ ಇದನ್ನು ಮುಂದಿಟ್ಟ. ಹಸಿ ಪೀಟನ್ನು ನೀರಿನ ಸಮೇತ ಒತ್ತಡದಲ್ಲಿಟ್ಟು 200 ಡಿಗ್ರಿ ಆಸುಪಾಸಿಗೆ ಕಾಯಿಸುವುದು. ಪ್ರೆಷರ್ ಕುಕ್ಕರ್‌ನ ತತ್ವವೇ ಇದು. ಕುಕ್ಕರ್‌ನಲ್ಲಿ ನೀರು 120 ಡಿಗ್ರಿವರೆಗೆ ಹೋದರೆ ಇಲ್ಲಿ 200. ಆ ಬಿಸಿಯಲ್ಲಿ ನೀರು ಆವಿಯಾಗದೆ ನೀರಾಗೇ ಉಳಿಯಬೇಕೆಂದರೆ 15 ಬಾರ್‌ಗಿಂತ ಜಾಸ್ತಿ ಒತ್ತಡ ಬೇಕು (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). 250 ಡಿಗ್ರಿಗೆ ಸುಮಾರು 40 ಬಾರ್. ಇಷ್ಟು ಕಷ್ಟ ಯಾಕೆ? ನೀರನ್ನು ಆವಿ ಮಾಡಲು ಕಿಲೋಗೆ 2.5 ಮೆಗಾಜೂಲ್ ಬೇಕು ಅಂದೆನಲ್ಲ, ಆವಿ ಮಾಡದೆ ಬರೀ ಬಿಸಿ ಮಾಡಲು ಅದರ ಮೂರನೇ ಒಂದು ಭಾಗ ಸಾಕು. ಆ ಬಿಸಿಯನ್ನೂ ಬಹುಪಾಲು ವಾಪಸ್ ಪಡೆಯಬಹುದು. ಹೊರಗೆ ಬರುವ ಬಿಸಿ ಕೆಸರು ಒಳಗೆ ಹೋಗುವ ತಣ್ಣನೆಯ ಕೆಸರನ್ನು ಕಾಯಿಸುತ್ತದೆ.

ಒಳಗೆ ಆಗುವುದೇನೆಂದರೆ, ಆ ಲೋಳೆ ಒಡೆಯುತ್ತದೆ. ಹ್ಯೂಮಿಕ್ ಕಣಗಳು ಕಾರ್ಬಾಕ್ಸಿಲ್ ಕಳೆದುಕೊಂಡು ಒಂದಕ್ಕೊಂದು ಅಂಟಿ ದಪ್ಪ ಕಣಗಳಾಗುತ್ತವೆ. ಮೊದಲು ಪ್ರೆಸ್‌ಗೆ ಜಗ್ಗದ ನೀರು ಈಗ ಒತ್ತಿದರೆ ಹರಿದು ಹೋಗುತ್ತದೆ, ತೇವ ಶೇ 50ರ ಹತ್ತಿರಕ್ಕೆ ಬರುತ್ತದೆ. ಬಿಸಿಲಿನ ಹಂಗಿಲ್ಲ. ಚಳಿಗಾಲದಲ್ಲೂ ಕಾರ್ಖಾನೆ ಓಡಿಸಬಹುದು.

ಎಕೆನ್‌ಬರ್ಗ್‌ನ ಕಥೆ ಮಾತ್ರ ವಿಚಿತ್ರವಾಗಿ ಮುಗಿಯಿತು. ಸುಮ್ನೆ ಒಂದು ಉಪಕಥೆ ಅಂತ ಹೇಳುತ್ತೇನೆ. 1904ರಲ್ಲಿ ಸ್ವೀಡನ್ನಿನ ಉದ್ಯಮಿಯೊಬ್ಬರಿಗೆ ಅಂಚೆಯಲ್ಲಿ ಬಾಂಬ್ ಕಳಿಸಿದ ಆರೋಪದ ಮೇಲೆ 1909ರಲ್ಲಿ ಲಂಡನ್‌ನಲ್ಲಿ ಬಂಧನವಾಯಿತು. ಮರುವರ್ಷ ಜೈಲಿನಲ್ಲೇ ಸತ್ತ.

ಕೆಲವೇ ವರ್ಷಗಳ ನಂತರ ಜರ್ಮನಿಯ ಫ್ರೀಡ್ರಿಕ್ ಬರ್ಗಿಯಸ್ ಇದೇ ರಸಾಯನವನ್ನು ಬೇರೆ ಕುತೂಹಲದಿಂದ ನೋಡಿದರು. ಕಲ್ಲಿದ್ದಲು ಹೇಗೆ ಹುಟ್ಟಿತು ಅನ್ನುವುದು ಅವರ ಪ್ರಶ್ನೆ. ಪೀಟ್ ಮತ್ತು ಸೆಲ್ಯುಲೋಸನ್ನು ನೀರಿನ ಜೊತೆ ಹೆಚ್ಚಿನ ಒತ್ತಡದಲ್ಲಿ 300 ಡಿಗ್ರಿ ಆಸುಪಾಸಿಗೆ ಕಾಯಿಸಿ, ಕಲ್ಲಿದ್ದಲನ್ನು ಹೋಲುವ ಕಪ್ಪು ವಸ್ತು ಪಡೆದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಹೆಚ್ಚಿನ ಒತ್ತಡದ ರಸಾಯನ ವಿಧಾನಗಳಿಗಾಗಿ 1931ರಲ್ಲಿ ಕಾರ್ಲ್ ಬಾಷ್ ಜೊತೆ ನೊಬೆಲ್ ಬಂತು. ಇವತ್ತು ಜಲೋಷ್ಣ ಇಂಗಾಲೀಕರಣ ಅಂತ ಕರೆಯುವ ವಿಧಾನದ ಬೇರು ಇಲ್ಲಿದೆ.

ಹಾಗಾದರೆ ಈ ಒದ್ದೆ ದಾರಿ ಯಾಕೆ ಎಲ್ಲ ಕಡೆ ಹರಡಲಿಲ್ಲ? ಒತ್ತಡ ತಡೆಯುವ ದಪ್ಪ ಪಾತ್ರೆ, ಕೆಸರು ನೂಕುವ ಪಂಪ್, ಅಂಟು ಹಿಡಿದು ಕಟ್ಟಿಕೊಳ್ಳುವ ಶಾಖ ವಿನಿಮಯಕ, ಎಲ್ಲದಕ್ಕೂ ದುಡ್ಡು. ಇದೆಲ್ಲಕ್ಕಿಂತ ದೊಡ್ಡ ಕಾಟ ಹಿಂಡಿ ಬಂದ ನೀರಿನದು. ಆ ಕಂದು ನೀರಿನಲ್ಲಿ ಸಾವಯವ ಆಮ್ಲ, ಸಕ್ಕರೆಯ ಚೂರು, ಫಿನಾಲ್ ಕರಗಿರುತ್ತವೆ. ಹಾಗೇ ಹೊಳೆಗೆ ಬಿಟ್ಟರೆ ಅಲ್ಲಿನ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯುತ್ತವೆ. ಅತ್ತ ಬಿಸಿಲಿನಲ್ಲಿ ಒಣಗಿಸುವವನಿಗೆ ಈ ಯಾವ ಖರ್ಚೂ ಇಲ್ಲ. ಪೈಪೋಟಿಯಲ್ಲಿ ಬಿಸಿಲು ಗೆದ್ದಿತು.

ಒಣ ದಾರಿಗೂ ಅದರದೇ ಕಷ್ಟಗಳಿವೆ. ಒಣ ಪೀಟ್ ಬಿಸಿಯನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ದಪ್ಪ ಉಂಡೆ ಹಾಕಿದರೆ ಹೊರಗೆ ಕರಕಲು, ಒಳಗೆ ಹಸಿ. ಆದ್ದರಿಂದ ಒಂದೇ ಗಾತ್ರದ ಸಣ್ಣ ಗುಳಿಗೆ ಮಾಡಿ, ತಿರುಗುವ ಡ್ರಮ್ಮಿನಲ್ಲೋ ತಿರುಪಿನ ಕೊಳವೆಯಲ್ಲೋ ಮಗುಚುತ್ತಾ ಕಾಯಿಸುತ್ತಾರೆ. ಬಿಸಿ 250 ದಾಟಿ ಮೇಲೇರಿದಂತೆ ಪೀಟ್ ತಾನೇ ಶಾಖ ಬಿಡಲು ಶುರು ಮಾಡುತ್ತದೆ. ಆಗ ಹೊರಗಿನ ಬೆಂಕಿ ಕಡಿಮೆ ಮಾಡದಿದ್ದರೆ ಉಷ್ಣತೆ ಕೈಮೀರಿ ಹೋಗುತ್ತದೆ. ಆಗಷ್ಟೇ ಹೊರಬಂದ ಬಿಸಿ ಇದ್ದಿಲಿಗೆ ಗಾಳಿ ತಾಗಿದರೆ ಅಲ್ಲೇ ಹೊತ್ತಿಕೊಳ್ಳುತ್ತದೆ. ಅದನ್ನು ಗಾಳಿಯಿಲ್ಲದೆಯೇ ತಣ್ಣಗಾಗಿಸಬೇಕು. ಇನ್ನು ಪೀಟ್ ಧೂಳಂತೂ ಗಾಳಿಯಲ್ಲಿ ತೇಲುವಾಗ ಕಿಡಿ ಸಿಕ್ಕರೆ ಸ್ಫೋಟವೇ.

ಇಷ್ಟೆಲ್ಲ ಮಾಡಿ ಇಂಧನ ಸಿಕ್ಕಿತು. ಅದನ್ನು ಸುಡಬೇಕಾ ಅನ್ನುವುದು ಬೇರೆ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಉಷ್ಣ ಸಂಸ್ಕರಣೆ ಪೀಟ್‌ನ ಎಲ್ಲ ದೋಷ ತೊಳೆದರೂ ಹವಾಮಾನದ ದೋಷ ತೊಳೆಯಲಾರದು. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ ಲೆಕ್ಕದಲ್ಲಿ ಪೀಟ್ ಸುಟ್ಟು ಒಂದು ಗಿಗಾಜೂಲ್ (ಸಾವಿರ ಮೆಗಾಜೂಲ್) ಶಾಖ ಪಡೆದರೆ 106 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಕಲ್ಲಿದ್ದಲಿಗೆ ಇದು 95ರ ಹತ್ತಿರ, ನೈಸರ್ಗಿಕ ಅನಿಲಕ್ಕೆ 56. ಹುರಿಯುವಾಗ, ಕೋಕ್ ಮಾಡುವಾಗ ಹೋದ ಇಂಗಾಲವನ್ನೂ ಸೇರಿಸಿದರೆ ಕೈಗೆ ಬಂದ ಪ್ರತಿ ಗಿಗಾಜೂಲ್‌ನ ಲೆಕ್ಕ ಇನ್ನೂ ಮೇಲೇರುತ್ತದೆ. ಮರ ಕಡಿದರೆ ಕೆಲವು ದಶಕಗಳಲ್ಲಿ ಮತ್ತೆ ಬೆಳೆಸಬಹುದು. ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆಯುವುದನ್ನು ಮತ್ತೆ ಬೆಳೆಸುತ್ತೇವೆ ಅನ್ನುವುದು ಬಾಯಿಮಾತು. ಮೇಲಾಗಿ ಭೂಮಿಯ ಮೇಲಿನ ನೆಲದಲ್ಲಿ ಪೀಟ್ ಇರುವುದು ಸುಮಾರು ಶೇ 3 ಮಾತ್ರ, ಆದರೆ ಅದು ಹಿಡಿದಿಟ್ಟ ಇಂಗಾಲ ಜಗತ್ತಿನ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು. ಕಾಲುವೆ ತೋಡಿ ನೀರು ಬಸಿದ ಕೂಡಲೇ, ಒಂದು ಗುದ್ದಲಿ ಪೀಟ್ ಸುಡುವ ಮೊದಲೇ, ಆ ಇಂಗಾಲ ಗಾಳಿ ತಾಗಿ ಹೊರಗೆ ಹೋಗಲು ಶುರುವಾಗುತ್ತದೆ.

ಐರ್ಲೆಂಡಿನ ಸರ್ಕಾರಿ ಪೀಟ್ ಸಂಸ್ಥೆ ಬಾರ್ಡ್ ನಾ ಮೋನಾ 2021ರ ಜನವರಿಯಲ್ಲಿ ಪೀಟ್ ಕೊಯ್ಲು ಪೂರ್ತಿ ನಿಲ್ಲಿಸಿರುವುದಾಗಿ ಹೇಳಿತು. ಈಗ ಅದೇ ಜೌಗುಗಳ ಕಾಲುವೆ ಮುಚ್ಚಿ ಮತ್ತೆ ನೀರು ನಿಲ್ಲಿಸುವ ಕೆಲಸ ನಡೆದಿದೆ. ಸುಡುವುದು ಬಿಟ್ಟು ಪೀಟ್ ಇದ್ದಿಲಿಗೆ ಬೇರೆ ಉಪಯೋಗಗಳೂ ಇವೆ. ಅದರ ತೂತುಗಳನ್ನು ಹಬೆಯಿಂದ ಇನ್ನಷ್ಟು ತೆರೆದರೆ ನೀರು ಶುದ್ಧಿ ಮಾಡುವ ಸಕ್ರಿಯ ಇಂಗಾಲ ಸಿಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಇದು ಹಳೆಯ ಉದ್ಯಮ.

ಒದ್ದೆ ದಾರಿಗೂ ಹೊಸ ಗಿರಾಕಿ ಸಿಕ್ಕಿದೆ. ನಗರಗಳ ಚರಂಡಿ ಶುದ್ಧೀಕರಣ ಘಟಕದಲ್ಲಿ ಉಳಿಯುವ ಕೆಸರು ಥೇಟ್ ಹಸಿ ಪೀಟ್‌ನ ಹಾಗೇ: ತುಂಬ ನೀರು, ಲೋಳೆ, ಪ್ರೆಸ್‌ಗೆ ಜಗ್ಗದ ಗುಣ. ಅದನ್ನೂ 200 ಡಿಗ್ರಿ ಹತ್ತಿರ ಒತ್ತಡದಲ್ಲಿ ಕಾಯಿಸಿದರೆ ನೀರು ಬಿಡುತ್ತದೆ, ಉಳಿದದ್ದು ಒಣಗಿಸಿ ಸುಡಲು ಬರುತ್ತದೆ. ಇಲ್ಲಿ ಬಿಸಿಲಿನ ಪೈಪೋಟಿ ಅಷ್ಟಿಲ್ಲ, ಯಾಕೆಂದರೆ ಚರಂಡಿ ಕೆಸರನ್ನು ಊರ ಪಕ್ಕ ಹರಡಿ ಒಣಗಿಸಲು ಯಾರೂ ಬಿಡುವುದಿಲ್ಲ. ಹಿಂಡಿ ಬಂದ ಕಂದು ನೀರನ್ನು ಏನು ಮಾಡುವುದು ಅನ್ನುವ ತಕರಾರು ಮಾತ್ರ ಎಕೆನ್‌ಬರ್ಗ್‌ನ ಕಾಲದ್ದೇ. ಈಗ ಅದನ್ನು ಸೂಕ್ಷ್ಮಜೀವಿಗಳ ತೊಟ್ಟಿಗೆ ಬಿಟ್ಟು ಜೈವಿಕ ಅನಿಲ ತೆಗೆಯುತ್ತಾರೆ.